ತುದಿ ಚಿವುಟಿದ ಎಲೆ

ಎದುರಿಗಿದ್ದವರು ಸುಮ್ಮನೆ ಕುಳಿತರೆ ನನ್ನ ಮಾತನ್ನು ಗಮನವಿಟ್ಟು ಕೇಳುತ್ತಿದ್ದಾರೆ ಎಂದು ನಂಬುವ ರೋಗ ನನಗುಂಟು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಅದು ಬಾರದೆ ಇರುತ್ತದೆಯೇ? ನಿವೃತ್ತನಾಗಿ ಬೆಳುವಾಯಿಯಲ್ಲಿ ಕುಳಿತ ಮೇಲೆ ಪಾಠಕ್ಕೆ ಮಕ್ಕಳು ಸಿಗುವುದಿಲ್ಲ. ಹಾಗಾಗಿ ಭಾನುವಾರ ಬಂತೆಂದರೆ ಬಸ್ಸು ಹತ್ತಿ ವೇಣೂರಿಗೆ, ಅಣ್ಣನ ಮನೆಗೆ ಹೋಗುತ್ತಿದ್ದೆ.

ಅಣ್ಣ ಬಸ್ ಕಂಡಕ್ಟರ್ ಆಗಿದ್ದವನು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗಿನ ಸ್ಟಾಪುಗಳನ್ನೆಲ್ಲ ದವಡೆಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಕೂಗುತ್ತಿದ್ದ. ಪ್ರಯಾಣಿಕರಿಗೆ ಅರ್ಧ ಶಬ್ದ ಸಾಕಾಗುತ್ತಿತ್ತು. ಮನೆಯಲ್ಲೂ ಹಾಗೆಯೇ. ಅವನ ಮಾತು ತೊದಲಿದರೆ ಬಾಯಲ್ಲಿ ಎಲೆ ಉಂಟು ಎಂದರ್ಥ. ಮುಖ ಒಂದು ಬದಿಗೆ ವಾಲಿದರೆ ಎಲೆ ಆ ಬದಿಗೆ ಉಂಟು ಎಂದರ್ಥ. ನಾವ್ಯಾರೂ ಅದನ್ನು ಎರಡನೇ ಸಲ ನೋಡುವವರಲ್ಲ.

ಆ ಭಾನುವಾರದ ಪಾಠ ಟೆಲೋಮಿಯರ್. ಮೊಬೈಲಿನಲ್ಲಿ ಓದಿಕೊಂಡು ಹೋಗಿದ್ದೆ. ಜೀವಕೋಶದೊಳಗೆ ವರ್ಣತಂತುಗಳು ಇರುತ್ತವಷ್ಟೆ, ಅವುಗಳ ತುದಿಗೆ ಇದೊಂದು ಕಾವಲು. ಕೋಶ ಒಡೆದು ಎರಡಾದಾಗಲೆಲ್ಲ ಆ ತುದಿ ಚೂರು ಚೂರೇ ಸವೆಯುತ್ತದೆ. ತುದಿ ಗಿಡ್ಡವಾದವರಿಗೆ ಸ್ಟ್ರೋಕ್ ಬರುವ ಸಂಭವ ಹೆಚ್ಚೋ ಎಂಬುದು ಪ್ರಶ್ನೆ. ನಮ್ಮ ಅಪ್ಪ ಸ್ಟ್ರೋಕಿನಲ್ಲೇ ಹೋದವರು. ಅಂದಮೇಲೆ ಇದು ಅಣ್ಣ ತಮ್ಮ ಇಬ್ಬರಿಗೂ ಬೇಕಾದ ಪಾಠವೇ ತಾನೇ!

ಅಣ್ಣ ವೀಳ್ಯದೆಲೆಯೊಂದನ್ನು ತೆಗೆದು ತೊಡೆಗೆ ಉಜ್ಜಿದ, ತೊಟ್ಟು ಮುರಿದ, ತುದಿ ಚಿವುಟಿ ಅಂಗಳಕ್ಕೆ ಎಸೆದ. ತುದಿ ಇರುವ ಎಲೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಇಟ್ಟದ್ದಿಲ್ಲ. ಆಮೇಲೆ ನಕ್ಕ.

“ಮೀಸೆ ಬಂದಾಗಿನಿಂದ ದಿನಕ್ಕೆ ಇಪ್ಪತ್ತು ತುದಿ ತೆಗೀತೇನೆ ಮಾರಾಯ. ಎಲೆಗೆ ಏನೂ ಆಗ್ಲಿಲ್ಲ, ಮನುಷ್ಯನಿಗೆ ಎಂತ ಆಗ್ತದೆ?”

ಅವನು ಪೂರ್ತಿಯಾಗಿ ಆಡಿದ ಕಡೆಯ ಮಾತು ಅದು.

ನಾನು ಮಾತಾಡುತ್ತಲೇ ಹೋದೆ. ಶುರುವಿನಲ್ಲಿ “ಹ್ಞೂಂ” ಎನ್ನುತ್ತಿದ್ದ, ಮತ್ತೆ ಅದೂ ನಿಂತಿತು. ವಿಷಯ ತಲೆಗೆ ಇಳಿಯುತ್ತಾ ಉಂಟು ಎಂದು ನನಗೆ ಖುಷಿಯೋ ಖುಷಿ. ತುಟಿಯ ಬದಿಯಿಂದ ಕೆಂಪು ರಸ ಬನಿಯನಿಗೆ ಇಳಿಯಿತು. “ಉಗುಳಿ ಬಾ ಅಣ್ಣ” ಎಂದೆ. ಏಳಲಿಲ್ಲ. ಸೋಮಾರಿ ಎಂದುಕೊಂಡು ಪೇಪರ್ ಬಿಡಿಸಿದೆ. ಕುರ್ಚಿಯಲ್ಲಿ ವಾಲಿಕೊಂಡದ್ದನ್ನು ತೂಕಡಿಕೆ ಎಂದುಕೊಂಡೆ. ಮಡಂತ್ಯಾರಿನ ತಂಗಿಯ ಮನೆಗೆ ಹೋಗಿದ್ದ ಅತ್ತಿಗೆ ಊಟದ ಹೊತ್ತಿಗೆ ಬಂದವರು ಅಂಗಳದಲ್ಲೇ ನಿಂತುಬಿಟ್ಟರು.

“ಇವರ ಬಾಯಿ ಯಾಕೆ ಓರೆ ಆಗಿದೆ?”

“ಎಲೆ ಉಂಟಲ್ಲ ಅತ್ತಿಗೆ” ಎಂದೆ ನಾನು, ವಿಜ್ಞಾನದ ಮಾಸ್ತರ್.

ಅವರು ಬೆರಳು ಹಾಕಿ ಎಲೆಯನ್ನೆಲ್ಲ ತೆಗೆದರು. ಬಾಯಿ ಓರೆಯೇ ಉಳಿಯಿತು.

ಕಾರು ಹುಡುಕಿ, ಮಂಗಳೂರು ಮುಟ್ಟಿ, ಸ್ಟ್ರೆಚರಿನ ಪಕ್ಕದಲ್ಲಿ ನಿಂತಾಗ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಇವರು ಸರಿಯಾಗಿದ್ದದ್ದು ಕೊನೆಗೆ ಯಾವಾಗ? ಹೆಪ್ಪು ಕರಗಿಸುವ ಇಂಜೆಕ್ಷನಿಗೆ ನಾಲ್ಕೂವರೆ ಗಂಟೆಯ ಮಿತಿ ಉಂಟಂತೆ. ಬೆಳಿಗ್ಗೆ ತಿಂಡಿಯಾದ ಮೇಲೆ ಎಂದೆ. ಅವರು ಗಡಿಯಾರ ನೋಡಿ, ಹೊತ್ತು ಮೀರಿತು ಎಂದು ತಲೆಯಾಡಿಸಿ, “ಅಷ್ಟು ಹೊತ್ತು ಹತ್ತಿರ ಯಾರೂ ಇರಲಿಲ್ಲವಾ?” ಎಂದರು.

“ಇರಲಿಲ್ಲ” ಎಂದುಬಿಟ್ಟೆ. ಅತ್ತಿಗೆ ನನ್ನ ಮಗ್ಗುಲಲ್ಲೇ ನಿಂತಿದ್ದರು. ಅಣ್ಣನ ಬನಿಯನಿನ ಕೆಂಪು ಕಲೆಯನ್ನು ಸೆರಗಿನಿಂದ ಒರೆಸಿದರು. ಆ ಮಾತನ್ನು ಇವತ್ತಿಗೂ ಎತ್ತಿಲ್ಲ.

ಅಲ್ಲಿಂದ ಮೇಲೆ ಟೆಲೋಮಿಯರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಜ್ಞಾನಕ್ಕಾಗಿ ಅಲ್ಲ ಸ್ವಾಮಿ, ನನಗೊಬ್ಬ ಅಪರಾಧಿ ಬೇಕಾಗಿತ್ತು. ಎಲ್ಲ ಆ ಗಿಡ್ಡ ತುದಿಯದೇ ಕರಾಮತ್ತು ಎಂದಾದರೆ ನಾನು ಪಾರಾಗುತ್ತೇನಲ್ಲ! ಆದರೆ ಬಲ್ಲವರು ಹಾಗೆ ಸುಲಭಕ್ಕೆ ಬಿಟ್ಟುಕೊಡುವವರಲ್ಲ. ಸ್ಟ್ರೋಕ್ ಆದವರಲ್ಲಿ ತುದಿ ಗಿಡ್ಡವಿರುವುದು ಉಂಟಂತೆ. ಆದರೆ ವಯಸ್ಸು, ಬಿಪಿ, ಹೊಗೆಸೊಪ್ಪು ಇವೆಲ್ಲ ತುದಿಯನ್ನೂ ಸವೆಸುತ್ತವೆ, ರಕ್ತನಾಳವನ್ನೂ ಕೆಡಿಸುತ್ತವೆ. ಇಬ್ಬರು ಒಂದೇ ಬಸ್ಸಿನಿಂದ ಇಳಿದರೆಂದು ಒಬ್ಬ ಇನ್ನೊಬ್ಬನನ್ನು ಕರೆತಂದ ಎನ್ನಲಾದೀತೇ? ಹುಟ್ಟಿನಿಂದಲೇ ತುದಿ ಗಿಡ್ಡವಿದ್ದವರಿಗೆ ಸ್ಟ್ರೋಕ್ ಹೆಚ್ಚು ಎಂದು ಗಟ್ಟಿಯಾಗಿ ಹೇಳಲೂ ಬರುವುದಿಲ್ಲವಂತೆ. ಹೋಗಲಿ, ಹೌದೆಂದೇ ಇಟ್ಟುಕೊಳ್ಳುವ. ಎದುರಿನ ಕುರ್ಚಿಯಲ್ಲಿ ಕುಳಿತು ಅಣ್ಣನ ಮುಖ ನೋಡಬೇಕಾಗಿದ್ದದ್ದು ಟೆಲೋಮಿಯರ್ ಅಲ್ಲ, ನಾನು.

ಈಗಲೂ ಭಾನುವಾರ ವೇಣೂರಿಗೆ ಹೋಗುತ್ತೇನೆ. ಹೋಗಲು ಹೆದರಿಕೆಯಾಗುತ್ತದೆ, ಹೋಗದೆ ಇರಲೂ ಆಗುವುದಿಲ್ಲ. ಅಣ್ಣನಿಗೆ ಬಲಗೈಯ ಸ್ವಾಧೀನವಿಲ್ಲ, ಮಾತಿಲ್ಲ, ನುಂಗುವುದು ಕಷ್ಟವೆಂದು ಎಲೆಯಡಿಕೆಯೂ ಇಲ್ಲ. ಆದರೂ ಅತ್ತಿಗೆ ಹರಿವಾಣದಲ್ಲಿ ನಾಲ್ಕು ಎಲೆ ಇಡುತ್ತಾರೆ. ಅವನು ಎಡಗೈಯಲ್ಲಿ ಒಂದನ್ನು ಎತ್ತಿ ತೊಡೆಗೆ ಉಜ್ಜುತ್ತಾನೆ. ಒಂದೇ ಕೈಯಲ್ಲಿ ಚಿವುಟಲು ಬರುವುದಿಲ್ಲ, ನನ್ನ ಕಡೆ ಚಾಚುತ್ತಾನೆ. ನಾನು ತುದಿ ತೆಗೆದು ಕೊಡುತ್ತೇನೆ. ಅದನ್ನು ತಿರುಗಿಸಿ ನೋಡಿ ಹರಿವಾಣದಲ್ಲಿ ಇಡುತ್ತಾನೆ.

ಮತ್ತೆ ಪಾಠ ಶುರುವಾಗಲಿ ಎಂಬಂತೆ ನನ್ನ ಮುಖವನ್ನೇ ನೋಡುತ್ತಾ ಕೂರುತ್ತಾನೆ. ಈಗ ಅವನು ನಿಜವಾಗಿಯೂ ಕೇಳುತ್ತಾನೆ, ನನಗೆ ಗೊತ್ತು. ನನ್ನ ಬಾಯಿಂದ ಒಂದಕ್ಷರ ಹೊರಡುವುದಿಲ್ಲ.