ಮುತ್ಯಾನಿಗೆ ನಾನು ಬರೆದ ಸುಳ್ಳು ಪತ್ರಗಳು

ಬಸ್ಸಿನ ಕಿಟಕಿಗೆ ತಲೆಯೊರಗಿಸಿ ನಿದ್ದೆ ಬಂದಂತೆ ನಟಿಸುವುದರಲ್ಲಿ ನನ್ನಷ್ಟು ಪಳಗಿದವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು. ಬಾಯಿ ಎಷ್ಟು ತೆರೆದರೆ ಸಹಜ, ಎಷ್ಟು ತೆರೆದರೆ ಅತಿಯಾಯಿತು ಎಂಬ ಹದ ನನಗೆ ಹತ್ತನೆಯ ವಯಸ್ಸಿಗೇ ಸಿಕ್ಕಿತ್ತು. ಈ ವಿದ್ಯೆ ಕಲಿಯಬೇಕಾಗಿ ಬಂದದ್ದು ನಮ್ಮ ಮುತ್ಯಾನಿಂದ, ಅಂದರೆ ಅಪ್ಪನ ಅಪ್ಪನಿಂದ.

ಮುತ್ಯಾ ಫೌಜಿನಲ್ಲಿ ಹವಾಲ್ದಾರನಾಗಿದ್ದು, ನಿವೃತ್ತನಾಗಿ ಬಸವಕಲ್ಯಾಣಕ್ಕೆ ಮರಳಿದವನು. ತೊಂಬತ್ತರ ದಶಕದುದ್ದಕ್ಕೂ ಪ್ರತಿ ಗುರುವಾರ ಹುಮನಾಬಾದಿಗೆ ಹೋಗುತ್ತಿದ್ದ. ಶಾಲೆಗೆ ರಜೆಯಿದ್ದರೆ ನನ್ನನ್ನೂ ಎಳೆದುಕೊಂಡು ಹೋಗುವನು. ಬಸ್ಸು ಊರು ದಾಟುವುದರೊಳಗೆ ಪಕ್ಕದವರ ಹೆಸರು, ನಡುವಿನ ರಾಜೇಶ್ವರ ಊರು ಬರುವುದರೊಳಗೆ ಅವರ ಮಗಳ ಬಾಣಂತನ, ಹುಮನಾಬಾದ್ ಕಾಣುವುದರೊಳಗೆ ಅವರ ಎಮ್ಮೆ ಒದೆಯುವುದಕ್ಕೆ ಕಾರಣ, ಎಲ್ಲವೂ ಅವನಿಗೆ ಗೊತ್ತಾಗಿರುತ್ತಿತ್ತು. ಪ್ರತಿಯಾಗಿ ನಮ್ಮ ಮನೆಯ ಗುಟ್ಟುಗಳನ್ನೂ ಧಾರಾಳವಾಗಿ ಹಂಚುತ್ತಿದ್ದ. "ಈಕಿ ನಮ್ಮ ಮೊಮ್ಮಗಳು ನೋಡ್ರಿ. ಎಲ್ಲಾದರಾಗೂ ಹುಷಾರ್ ಅದಾಳ, ಲೆಕ್ಕದಾಗ ಮಾತ್ರ ಫೇಲ್. ಏನಂತೀರಿ?" ಇಡೀ ಬಸ್ಸು ನನ್ನತ್ತ ತಿರುಗುತ್ತಿತ್ತು. ನಿದ್ದೆ ಮಾಡದೆ ನಾನು ಇನ್ನೇನು ಮಾಡಲಿ?

'ಏನಂತೀರಿ?' ಅವನ ಮಾತಿನ ಬಾಲ. ಹವಾಮಾನ ಹೇಳಿ ಏನಂತೀರಿ, ಸರ್ಕಾರವನ್ನು ಬೈದು ಏನಂತೀರಿ. ಜಾತಿ ನೋಡದೆ, ಹುದ್ದೆ ನೋಡದೆ ಎಲ್ಲರೂ ಕೂತು ಮಾತಾಡಿದ ಶರಣರ ಊರು ನಮ್ಮದು. ಆ ಪರಂಪರೆಯನ್ನು ಉಳಿದವರು ಭಾಷಣದಲ್ಲಿ ನೆನೆದರೆ ಮುತ್ಯಾ ಸಾರಿಗೆ ಬಸ್ಸಿನಲ್ಲಿ ನಡೆಸಿಕೊಂಡು ಬಂದಿದ್ದ. ಯುದ್ಧದ ಬಗ್ಗೆ ಕೇಳಿದರೆ ಮಾತ್ರ ಮಾತು ಜಾರಿಸುವನು. ಎಷ್ಟು ಮಂದಿಯನ್ನು ಹೊಡೆದೆ ಎಂದು ನಾವು ಮಕ್ಕಳು ಪೀಡಿಸಿದರೆ, ಅಡುಗೆಯವನು ಯಾವ ಊರಿನವನು, ತನ್ನ ಹೆಂಡತಿಗೆ ಎಂಥ ಪತ್ರ ಬರೆಯುತ್ತಿದ್ದ ಎಂಬ ಕತೆ ಬಿಚ್ಚುವನು.

ಹುಮನಾಬಾದಿಗೆ ಹೋಗುತ್ತಿದ್ದುದು ಇಸ್ಮಾಯಿಲ್ ಸಾಬರಿಗಾಗಿ. ಇಬ್ಬರೂ ಒಂದೇ ಪಲ್ಟನ್ನಿನವರು. ಫೌಜಿನಲ್ಲಿ ಸಮವಸ್ತ್ರ ಹೊಲಿಯುತ್ತಿದ್ದ ಅವರು ಈಗ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿದ್ದರು. ನನಗೆ ಅವರು ಟೇಲರ್ ಮುತ್ಯಾ. ನಮ್ಮ ಮುತ್ಯಾ ಮಾತಾಡುವನು, ಅವರು ಹೊಲಿಯುವರು. ನಡುನಡುವೆ ಸೂಜಿಯಿಂದ ಕಣ್ಣು ತೆಗೆಯದೆ, "ಝೂಟ್, ಹವಾಲ್ದಾರ್, ಪೂರಾ ಝೂಟ್" ಎನ್ನುವರು. ಅಷ್ಟಕ್ಕೇ ಮುತ್ಯಾನಿಗೆ ಇನ್ನೊಂದು ತಾಸಿನ ಹುರುಪು.

ನಾನು ಡಿಗ್ರಿ ಓದುತ್ತಿದ್ದಾಗ ಒಂದು ಮುಂಜಾನೆ, ಗಡ್ಡ ಹೆರೆದುಕೊಳ್ಳುತ್ತ ಕೂತಿದ್ದ ಮುತ್ಯಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ಮಾತು ಮೆದುಳಿನ ಎಡಭಾಗದಲ್ಲಿರುತ್ತದೆ ಎಂದು ಡಾಕ್ಟರು ವಿವರಿಸಿದರು. ಮುತ್ಯಾನ ಮಾತು ಇಡೀ ಮೈಯಲ್ಲೇ ಇತ್ತೆಂದು ನಾನು ನಂಬಿದ್ದೆ. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಉತ್ತರಿಸಲು ಬಾಯಿ ತೆರೆದರೆ ಮಾತ್ರ ಒಂದೇ ಮಾತು ಹೊರಬರುತ್ತಿತ್ತು: "ಏನಂತೀರಿ?" ನೀರು ಬೇಕಾದರೂ ಅದೇ, ಬೆನ್ನು ನೋಯುತ್ತಿದ್ದರೂ ಅದೇ. ಓದಲೂ ಆಗುತ್ತಿರಲಿಲ್ಲ. ಅಕ್ಷರಗಳು ಎದುರಿಗಿದ್ದೂ ಅವನ ಕೈಗೆ ಸಿಗದಾಗಿದ್ದವು.

ಮೊದಲ ತಿಂಗಳು ಅಂಗಳ ತುಂಬ ಮಂದಿ ಬಂದರು. ಕಿವುಡನ ಮುಂದೆ ಕಿರುಚಿದಂತೆ ಮಾತಾಡಿದರು. ಆಮೇಲೆ ಅವನ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಬರುವುದನ್ನು ಬಿಟ್ಟರು. ಏನಂತೀರಿ ಎಂದು ನಿಜವಾಗಿ ಕೇಳುವವನೊಬ್ಬ ಎದುರು ಕೂತಾಗ ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ. ಟೇಲರ್ ಮುತ್ಯಾ ಮಾತ್ರ ಎರಡು ಸಲ ಬಸ್ಸು ಹತ್ತಿ ಬಂದು, ಜೀವಮಾನದಲ್ಲೇ ಮೊದಲ ಬಾರಿಗೆ ಇಬ್ಬರ ಪಾಲಿನ ಮಾತನ್ನೂ ತಾವೇ ಆಡಿ ಹೋದರು. ಮೂರನೆಯ ಸಲ ಬರಲಿಲ್ಲ. ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂತು.

"ಮುತ್ಯಾಗ ಯಾರೂ ಹೇಳಬ್ಯಾಡ್ರಿ" ಎಂದು ಅಪ್ಪ ಅಡುಗೆಮನೆಗೆ ಕರೆದು ನಮಗೆಲ್ಲ ಹೇಳಿದ. "ಕೇಳಿದ್ರ ತಡಕೊಳ್ಳಾಂಗಿಲ್ಲ ಅವ." ಅವ್ವ ತಲೆಯಾಡಿಸಿದಳು. ನಾನೂ ಆಡಿಸಿದೆ. ಅಪ್ಪ ಗೊಬ್ಬರ ತರುವ ನೆಪ ಹೇಳಿ ಟೇಲರ್ ಮುತ್ಯಾನ ಮಣ್ಣಿಗೆ ಹೋಗಿ ಬಂದ.

ಗುರುವಾರ ಬಂದರೆ ಮುತ್ಯಾ ಎಡಗೈಯಿಂದ ರಸ್ತೆ ತೋರಿಸುತ್ತಿದ್ದ. ಟೇಲರ್ ಮುತ್ಯಾ ಹೈದರಾಬಾದಿನಲ್ಲಿರುವ ತಮ್ಮ ಮಗಳ ಮನೆಗೆ ಹೋಗಿದ್ದಾರೆ ಎಂದೆವು. ಅವನ ಮುಖ ಸಪ್ಪಗಾಯಿತು. ಅದನ್ನು ನೋಡಲಾರದೆ ನಾನೊಂದು ಇನ್‌ಲ್ಯಾಂಡ್ ಪತ್ರ ತಂದು ಬರೆದೆ. ಟೇಲರ್ ಮುತ್ಯಾನಿಗೆ ಉರ್ದು ಬಿಟ್ಟರೆ ಬೇರೆ ಬರವಣಿಗೆ ಬಾರದು. ಆದ್ದರಿಂದ ಜೊತೆಗೆ ಹೋಗಿದ್ದ ಮೊಮ್ಮಗ ಕನ್ನಡದಲ್ಲಿ ಬರೆದುಕೊಟ್ಟಂತೆ ಹೂಡಿದೆ. "ಹವಾಲ್ದಾರ್, ಇಲ್ಲಿ ಮಂದಿ ಭಾಳ, ಮಾತಾಡೋರು ಒಬ್ಬರೂ ಇಲ್ಲ. ಬಾಜೂ ಮನಿಯವನ ಹೆಸರು ಕೇಳಿದ್ರ, ಪೊಲೀಸರು ಕೇಳಿದಂಗ ಹೆದರತಾನ." ಓದಿ ಹೇಳಿದಾಗ ಮುತ್ಯಾ ಅರ್ಧ ಬಾಯಿಯಲ್ಲಿ ನಕ್ಕ. ಲಕ್ವಾ ಹೊಡೆದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಪತ್ರವನ್ನು ಇಸಿದುಕೊಂಡು ತಲೆದಿಂಬಿನ ಕೆಳಗಿಟ್ಟುಕೊಂಡ.

ನನ್ನ ಮೊದಲ ಸಾಹಿತ್ಯ ಕೃತಿ ಯಾವುದೆಂದು ಯಾರೂ ಈವರೆಗೆ ಕೇಳಿಲ್ಲ. ಕೇಳುವಷ್ಟು ದೊಡ್ಡ ಲೇಖಕಿಯೂ ನಾನಲ್ಲ. ಕೇಳಿದರೆ ಹೇಳಬೇಕಾದ ಉತ್ತರ ಇದು: ಸತ್ತವರೊಬ್ಬರ ಹೆಸರಿನಲ್ಲಿ ಬರೆದ ಏಳು ಪತ್ರಗಳು. ಬರೆಯುತ್ತ ಬರೆಯುತ್ತ ನನ್ನ ಕೈ ಕುದುರಿತು. ಜೋಕು ಸೇರಿಸಿದೆ, ಮಗಳ ಮನೆಯ ಮೆಟ್ಟಿಲುಗಳ ಮೇಲೆ ದೂರು ಸೇರಿಸಿದೆ. ನಿಜ ಹೇಳಬೇಕೆಂದರೆ, ಓದುವಾಗ ಮುತ್ಯಾನ ಮುಖಕ್ಕಿಂತ ನನ್ನ ವಾಕ್ಯಗಳ ಮೇಲೆಯೇ ನನಗೆ ಗಮನ ಹೆಚ್ಚಾಗಿತ್ತು.

ಒಂದು ದಿನ ಅವನು ಪೆನ್ನು ತೋರಿಸಿ ನನ್ನನ್ನು ಕೂರಿಸಿಕೊಂಡ. ಉತ್ತರ ಬರೆಸಬೇಕಿತ್ತು. "ಏನಂತೀರಿ... ಏನಂತೀರಿ?" ಎಂದು ಏರುದನಿಯಲ್ಲಿ, ಇಳಿದನಿಯಲ್ಲಿ ಎಷ್ಟೋ ಹೊತ್ತು ಹೇಳಿದ. ನಾನು ಏನು ಬರೆದು ಓದಿದರೂ ತಲೆ ಅಲ್ಲಾಡಿಸಿದ. ಕೊನೆಗೆ ಬಾಗಿಲು ತೋರಿಸಿ, ಖಾಲಿ ಕುರ್ಚಿ ತೋರಿಸಿ, ಕಣ್ಣೀರು ಹಾಕಿದ. ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದಾನೆಂದು ನನಗೆ ಹೊಳೆಯಿತು. ಮುಂದಿನ ಪತ್ರದಲ್ಲಿ, "ದೀಪಾವಳಿಗಿ ಖಂಡಿತ ಬರ್ತೀನಿ" ಎಂದು ಬರೆದೆ. ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಹಬ್ಬದ ದಿನ ಮುತ್ಯಾ ಬಿಳಿ ಅಂಗಿ ತೊಡಿಸಿಕೊಂಡು, ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡು ಕೂತ. ಮಧ್ಯಾಹ್ನ ಬಂದದ್ದು ಮಾಣಿಕಪ್ಪ. ಹುಮನಾಬಾದ್ ಬಸ್ಸಿನ ಹಳೆಯ ಕಂಡಕ್ಟರ್, ಬೇರೆ ಕಡೆಗೆ ವರ್ಗವಾಗಿದ್ದವನು ಹಬ್ಬಕ್ಕೆ ಊರಿಗೆ ಬಂದಿದ್ದ. ಪಾಪದ ಮನುಷ್ಯ, ಮುತ್ಯಾನ ಕೈ ಹಿಡಿದುಕೊಂಡು, "ಹ್ಯಾಂಗದೀರಿ ಹವಾಲ್ದಾರ್ರ? ಇಸ್ಮಾಯಿಲ್ ಸಾಬ್ರು ಹೋಗಿ ಆರು ತಿಂಗಳಾತಲ್ರಿ. ನಿಮ್ಮಿಬ್ಬರ ಜೋಡಿ ಮುರೀತು ನೋಡ್ರಿ" ಎಂದುಬಿಟ್ಟ.

ಮುತ್ಯಾ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಏನಂತೀರಿ?" ಎಂದ. ಆ ಸಲ ಅದು ಕಾಯಿಲೆಯ ಮಾತಾಗಿರಲಿಲ್ಲ, ಪ್ರಶ್ನೆಯಾಗಿತ್ತು. ನಿದ್ದೆಯ ನಟನೆಗೆ ಅಲ್ಲಿ ಅವಕಾಶವಿರಲಿಲ್ಲ. ನಾನು ಎದ್ದು ಒಳಗೆ ಹೋದೆ.

ಎರಡು ದಿನ ಅವನು ಊಟ ಮುಟ್ಟಲಿಲ್ಲ. ಮೂರನೆಯ ದಿನ ಅಪ್ಪ ಜೀಪು ಗೊತ್ತುಮಾಡಿದ. ಹುಮನಾಬಾದಿನ ಕಬರಸ್ತಾನದ ಮುಂದೆ ಟೇಲರ್ ಮುತ್ಯಾನ ಮಗ ನಿಂತಿದ್ದರು. ಅಲ್ಲೇ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಮುತ್ಯಾನನ್ನು ಹೆಗಲು ಕೊಟ್ಟು ಒಳಗೆ ಕರೆದೊಯ್ದು ಸಮಾಧಿಯ ಪಕ್ಕ ಕೂರಿಸಿದೆವು. ಸಮಾಧಾನವಾಗಲೆಂದು ಅವರು ಹೇಳಿದರು, "ಕಡೀ ಎರಡು ದಿನ ಅಬ್ಬಾ ನಿಮ್ಮ ಹೆಸರೇ ತಗೊಂತಿದ್ರು ಚಾಚಾ. ಹವಾಲ್ದಾರಗ ಕರಸ್ರಿ, ಒಮ್ಮೆ ನೋಡ್ತೀನಿ ಅಂದ್ರು. ನಾ ಫೋನ್ ಮಾಡಿದ್ದೆ. ನಿಮ್ಮ ತಬಿಯತ್ ಚೊಲೊ ಇಲ್ಲಂತ ಬರ್ಲಿಲ್ಲ, ಇರ್ಲಿ."

ಅಪ್ಪ ನೆಲ ನೋಡಿದ. ಆ ಫೋನಿನ ವಿಷಯ ಅಪ್ಪನನ್ನು ಬಿಟ್ಟರೆ ನಮಗಾರಿಗೂ ಗೊತ್ತಿರಲಿಲ್ಲ. ಬಸ್ಸಿನ ಕುಲುಕಾಟ ಮುತ್ಯಾನಿಗೆ ಆಗದೆಂದು ಅಪ್ಪ ಒಬ್ಬನೇ ತೀರ್ಮಾನಿಸಿದ್ದ.

ಮುತ್ಯಾ ಸಮಾಧಿಯ ಮೇಲಿನ ಹುಲ್ಲನ್ನು ಎಡಗೈಯಿಂದ ಒಂದೊಂದೇ ಕಿತ್ತು ಪಕ್ಕಕ್ಕಿಟ್ಟ. ಅಳಲಿಲ್ಲ. ಮರಳಿ ಬರುವಾಗ ಅಪ್ಪನನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ಮನೆಗೆ ಬಂದ ಮೇಲೆ ಆ ಏಳು ಪತ್ರಗಳನ್ನು ದಿಂಬಿನಡಿಯಿಂದ ತೆಗೆದು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ 'ಏನಂತೀರಿ' ಎಂಬ ಮಾತೂ ಅವನ ಬಾಯಿಂದ ಬರಲಿಲ್ಲ. ದಿನಾ ಪೇಪರ್ ಹಿಡಿದು ಅವನ ಬೆನ್ನಿಗೆ ಓದಿ ಹೇಳಿದೆ. ತಪ್ಪಾಯಿತು ಎಂದು ಎಷ್ಟೋ ಸಲ ಹೇಳಿದೆ. ಕೇಳಿಸಿಕೊಂಡನೋ, ಕ್ಷಮಿಸಿದನೋ, ನನಗೆ ಇಂದಿಗೂ ಗೊತ್ತಿಲ್ಲ. ಬೇಸಿಗೆಯಲ್ಲಿ ತೀರಿಹೋದ. ಆವತ್ತು ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟೂ ಜನ ಆ ಕೊನೆಯ ವರ್ಷ ಎಲ್ಲಿದ್ದರೋ!

ಮಾತು ಹೋದವನಿಗೆ ದುಃಖಪಡುವ ಶಕ್ತಿಯೂ ಹೋಗಿರುತ್ತದೆ ಎಂದು ನಮಗೆ ಹೇಳಿದವರಾರು? ಅವನನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಅವನ ಅಳು ನೋಡುವ ಕಷ್ಟದಿಂದ ನಮ್ಮನ್ನು ನಾವು ಕಾಪಾಡಿಕೊಂಡಿದ್ದೆವು, ಅಷ್ಟೇ.

ಕೆಲವು ವರ್ಷಗಳ ನಂತರ ಅಪ್ಪ ಹೃದಯದ ತೊಂದರೆಯಿಂದ ಹಾಸಿಗೆ ಹಿಡಿದಾಗ, ದುಬಲಗುಂಡಿಯಲ್ಲಿದ್ದ ಅವನ ಅಕ್ಕ ತೀರಿಕೊಂಡಳು. "ಈಗ ಹೇಳಬ್ಯಾಡವ್ವ, ಅವರ ಎದಿ ಮೊದಲೇ ನಾಜೂಕ ಅದ" ಎಂದು ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. ನಾನು ನೇರ ಹೋಗಿ ಹಾಸಿಗೆಯ ಬದಿಗೆ ಕೂತು, ಅಪ್ಪನ ಕೈ ಹಿಡಿದು ಹೇಳಿಬಿಟ್ಟೆ.

ಅವನು ದಿಂಬಿಗೆ ಮೊಣಕೈ ಊರಿ ಎದ್ದು ಕೂತ. "ಮಣ್ಣು ಎಷ್ಟೊತ್ತಿಗಿ?" ಎಂದು ಕೇಳಿದ. "ನಾಕಕ್ಕ" ಎಂದೆ. "ಹಂಗಾರ ನನ್ನ ಧೋತ್ರ ತೆಗಿ." ಗಾಡಿ ಅಕ್ಕನ ಊರ ಹತ್ತಿರ ಬಂದಾಗ, "ನಿಮ್ಮ ಮುತ್ಯಾಗೂ ಹಿಂಗ ಹೇಳಬೇಕಿತ್ತವ್ವ" ಎಂದ.

ಅಕ್ಕನ ಅಂಗಳದಲ್ಲಿ, ಚಾಪೆಯ ಮೇಲೆ, ತನ್ನವರ ನಡುವೆ ಕೂತು ಅಪ್ಪ ದನಿ ತೆಗೆದು ಅತ್ತ. ಅವನು ಅಷ್ಟು ಜೋರಾಗಿ ಅಳಬಲ್ಲನೆಂದು ನನಗೆ ಗೊತ್ತೇ ಇರಲಿಲ್ಲ. ಅವನ ಗುಳಿಗೆ, ನೀರಿನ ಬಾಟಲಿ ಹಿಡಿದುಕೊಂಡು ನಾನು ಹಿಂದೆಯೇ ನಿಂತಿದ್ದೆ. ಸಂಜೆಯವರೆಗೂ ಅವುಗಳ ಅಗತ್ಯ ಬೀಳಲಿಲ್ಲ.