ಮಂಡಿ ಮಡಚಲ್ಲ ಅಂದ ಮೇಷ್ಟ್ರು

ಬಟವಾಡಿಯ ಒಂದು ಕ್ಲಿನಿಕ್‌ನಲ್ಲಿ ನಾನು ಫಿಸಿಯೋಥೆರಪಿಸ್ಟ್. ಕೆಲವರಿಗೆ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಅವರಲ್ಲೊಬ್ಬರು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದ ಮೇಷ್ಟ್ರು. ಮಂಡಿ ಆಪರೇಷನ್ ಆಗಿ ಮೂರು ವಾರವಾಗಿತ್ತು. ದಿನಾ ಮಡಚದಿದ್ದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ. ಅದು ಅವರಿಗೂ ಗೊತ್ತು. ಆದರೂ ಮಡಚುತ್ತಿರಲಿಲ್ಲ.

"ಮಾಡಿದ್ರೆ ನಿಮಗೇ ಒಳ್ಳೇದು ಸರ್," ಅಂದೆ.

"ಒಳ್ಳೇದು ಅಂತ ಗೊತ್ತಮ್ಮ. ಅದಕ್ಕೇ ಮಾಡಲ್ಲ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಮೊದ್ಲು ಹಿಂಗಿರ್ಲಿಲ್ಲ ಕಣಮ್ಮ. ಆ ಪುಸ್ತಕ ಹಿಡ್ಕಂಡ್ ಮೇಲೆ ಹಿಂಗೆ," ಅಂದರು.

"ನೀನು ಒಳಗೆ ಹೋಗು," ಎಂದು ಮೇಷ್ಟ್ರು ಗದರಿದರು. ಆಕೆ ಹೋದರು.

ದಿಂಬಿನ ಪಕ್ಕದಲ್ಲಿದ್ದದ್ದು ಹಳೇ ರಷ್ಯನ್ ಕಾದಂಬರಿಯೊಂದರ ಕನ್ನಡ ಅನುವಾದ. ತೆಳ್ಳಗಿನ ಪುಸ್ತಕ. "ಇದನ್ನ ಓದು. ಆಮೇಲೆ ನನ್ನ ಕಾಲು ಮುಟ್ಟುವಿಯಂತೆ," ಎಂದು ಕೊಟ್ಟರು.

ಪೇಶೆಂಟ್‌ಗಳ ನಡುವೆ ಬಿಡುವಾದಾಗಲೆಲ್ಲ ಓದಿದೆ. ಅದರಲ್ಲೊಬ್ಬ ಮನುಷ್ಯ, ಎಲ್ಲರಿಂದ ದೂರವಾಗಿ ಒಂದು ಕೋಣೆಯಲ್ಲಿ ಬಿದ್ದಿರುತ್ತಾನೆ. ತನಗೆ ಹಿತವಾದದ್ದನ್ನು ಬೇಕಂತಲೇ ಮಾಡುವುದಿಲ್ಲ. ಎಲ್ಲವೂ ಲೆಕ್ಕದ ಹಾಗೆ ಮೊದಲೇ ಗೊತ್ತಾಗಿಬಿಟ್ಟರೆ ತಾನು ಅನ್ನುವವನು ಎಲ್ಲಿ ಉಳಿದ ಅನ್ನುವುದು ಅವನ ವಾದ. ಮೊದಲು ಸಿಟ್ಟು ಬಂತು. ಆಮೇಲೆ ನನ್ನದೇ ನೆನಪಾಯಿತು. ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೊಂದು ಒಳ್ಳೇ ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮನೆ ಇದೇ ಊರಿನ ಶಿರಾ ಗೇಟ್ ಹತ್ತಿರವೇ. ಬೇಡ ಅನ್ನಲು ಒಂದು ನೆವವೂ ಇರಲಿಲ್ಲ. ಆದರೂ ಬೇಡ ಅಂದೆ. ಯಾಕೆ ಅಂತ ನನ್ನ ತಂದೆ, ಅಬ್ಬಾ, ಒಂದೇ ಸಲ ಕೇಳಿದರು. "ಎಲ್ಲರೂ ಸರಿ ಅಂದ್ರಿ, ನನ್ನನ್ನ ಯಾರೂ ಕೇಳಲಿಲ್ಲ," ಅಂದೆ. ಅವರು ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು.

ಓದಿ ಮುಗಿಸಿದ ಮಾರನೇ ದಿನ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. "ಇವತ್ತಿಂದ ಮಾಡಿ ಅನ್ನಲ್ಲ ಸರ್. ಬರ್ತೀನಿ, ಕೂರ್ತೀನಿ. ಮಾಡೋದು ಬಿಡೋದು ನಿಮಗೆ ಬಿಟ್ಟಿದ್ದು."

"ಆಪರೇಷನ್ ಬೇಕಾ ಅಂತ ನನ್ನನ್ನೂ ಯಾರೂ ಕೇಳ್ಲಿಲ್ಲ ಕಣಮ್ಮ. ಮಕ್ಕಳು ಡೇಟ್ ಫಿಕ್ಸ್ ಮಾಡ್ಕಂಡೇ ಬಂದಿದ್ರು," ಅಂದರು. ಆಮೇಲೆ, "ಪುಸ್ತಕ ಹೆಂಗನ್ನಿಸ್ತು?"

"ಅವನ ನೋವು ಅರ್ಥ ಮಾಡ್ಕೊಂಡು ಒಬ್ಬ ಹುಡುಗಿ ಬರ್ತಾಳಲ್ಲ ಸರ್, ಅವಳನ್ನ ಅವಮಾನ ಮಾಡಿ ಕಳಿಸ್ತಾನೆ. ಅಲ್ಲಿ ನನಗೆ ಅಳು ಬಂತು. ಅವನು ಇಷ್ಟ ಬಂದ ಹಾಗೆ ಇರ್ಲಿ. ಅವಳೇನು ಮಾಡಿದ್ಲು?"

ಅಡುಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ಹೆಂಡತಿಯನ್ನು ಕರೆದರು. ಆಕೆ ಕೈ ಒರೆಸಿಕೊಳ್ಳುತ್ತಾ ಬಂದು ಮಂಚದ ತುದಿಯಲ್ಲಿ ಕೂತರು.

"ನಿನ್ನ ಮೇಲೆ ಬಹಳ ರೇಗ್ಬಿಟ್ಟೆ," ಅಂದರು ಮೇಷ್ಟ್ರು.

"ಆಯ್ತು ಬುಡಿ," ಅನ್ನುತ್ತಾ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆವತ್ತು ಮೇಷ್ಟ್ರು ಮಂಡಿ ಮಡಚಲಿಲ್ಲ. ಮಾರನೇ ದಿನವೂ ಇಲ್ಲ. ನನಗೆ ಒಳಗೊಳಗೇ ಹೆದರಿಕೆ. ಮೂರನೇ ದಿನ ನಾನು ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದಾಗ ರೂಮಿನಿಂದ ನರಳುವ ಸದ್ದು ಬಂತು. ನಾನೂ ಅವರ ಹೆಂಡತಿಯೂ ಓಡಿದೆವು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ತಾವೇ ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

"ನೀನು ಹೇಳಿದ್ದಕ್ಕಲ್ಲ," ಅಂದರು.

"ಗೊತ್ತು ಸರ್."

ತಡವಾಗಿ ಶುರು ಮಾಡಿದ್ದರಿಂದ ಕಾಲು ಪೂರ್ತಿ ಮಡಚಲು ಬರಲಿಲ್ಲ. ಈಗಲೂ ನೆಲಕ್ಕೆ ಕೂರಲಾರರು. ಕಳೆದ ತಿಂಗಳು ಗಂಡ ಹೆಂಡತಿ ಇಬ್ಬರೂ ಸಿಟಿ ಬಸ್ಸಿನಲ್ಲಿ ಕ್ಲಿನಿಕ್‌ಗೆ ಬಂದಿದ್ದರು. ಮೆಟ್ಟಿಲ ಹತ್ತಿರ ನಾನು ಕೈ ಚಾಚಿದೆ. ಅವರು ಬೇಡ ಅಂದು, ಹೆಂಡತಿಯ ಭುಜ ಹಿಡಿದುಕೊಂಡು ಹತ್ತಿದರು.