ಹುಣಸೆಹಣ್ಣು ಹಚ್ಚಿ ಬೆಳಗಿದ ನಾಣ್ಯ

ಔರಾದಿನ ಸಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಮೇಲೆ ಭಾಲ್ಕಿಯ ಮನೆಯಲ್ಲಿ ನನಗೆ ಉಳಿದದ್ದು ಹಳೆಯ ನಾಣ್ಯ ಗುರುತಿಸುವ ಹುಚ್ಚು. ಯಾರಿಗೆ ಏನು ಸಿಕ್ಕರೂ ನನ್ನ ಹತ್ತಿರ ತರುತ್ತಿದ್ದರು. ‘ಗೊತ್ತಿಲ್ಲ’ ಎಂದು ಹೇಳಿ ನನಗೆ ರೂಢಿಯಿರಲಿಲ್ಲ. ಮಾಸ್ತರಿಕೆ ಮುಗಿದರೂ ಅದರ ಜಂಬ ಮುಗಿದಿರಲಿಲ್ಲ.

ಎರಡು ವರ್ಷದ ಹಿಂದೆ ಮೆಹಕರದಿಂದ ಒಬ್ಬ ಹೆಣ್ಣುಮಗಳು ಬಂದರು. ಸೆರಗಿನ ಗಂಟು ಬಿಚ್ಚಿ, ಹೆಬ್ಬೆರಳಿನ ಉಗುರಿನಷ್ಟು ನಾಣ್ಯವೊಂದನ್ನು ನನ್ನ ಅಂಗೈಯಲ್ಲಿಟ್ಟರು. ಹಸಿರುಗಟ್ಟಿತ್ತು, ಮಣ್ಣು ಮೆತ್ತಿತ್ತು. ತೊಗರಿ ಹೊಲ ಹರಗುವಾಗ ಅವರ ಗಂಡನಿಗೆ ಸಿಕ್ಕಿದ್ದಂತೆ. ಅದನ್ನು ಜಗಲಿಯ ಮೇಲೆ ದೇವರ ಪಕ್ಕ ಇಟ್ಟು, ಯಾವ ರಾಜನದು ಎಂದು ಬಂದವರನ್ನೆಲ್ಲ ಕೇಳುತ್ತಿದ್ದ ಆ ಮನುಷ್ಯ ಅದೇ ವರ್ಷ ತೀರಿಕೊಂಡಿದ್ದರು.

“ಕೇಳ್ಕೋತ ಕೇಳ್ಕೋತನೇ ಹೋದ್ರು ಮಾಸ್ತರ. ಹೆಸರೊಂದು ತಿಳದ್ರ ಸಾಕ್ರಿ,” ಎಂದರು.

ಭೂತಗನ್ನಡಿ ಹಿಡಿದು ನೋಡಿದೆ. ಮಣ್ಣಿನಡಿ ಇಬ್ಬರು ಸೈನಿಕರು ಈಟಿ ಹಿಡಿದು ನಿಂತಿದ್ದರು, ನಡುವೆ ಒಂದು ಧ್ವಜ. ರೋಮ್ ಸಾಮ್ರಾಜ್ಯದ ಕೊನೆಗಾಲದ ಕಂಚು! ಅಲ್ಲಿಯವರೆಗೆ ಪುಸ್ತಕದಲ್ಲಷ್ಟೇ ನೋಡಿದ್ದೆ. ಆ ಕಾಲದ ನಾಣ್ಯಗಳಲ್ಲಿ ದೊರೆಗಳ ಮುಖವೆಲ್ಲ ಹೆಚ್ಚುಕಡಿಮೆ ಒಂದೇ ತರ. ಯಾರೆಂದು ತಿಳಿಯಬೇಕಾದರೆ ಅಂಚಿನ ಅಕ್ಷರ ಓದಬೇಕು. ಅಲ್ಲೇ ಮಣ್ಣು ಗಟ್ಟಿಯಾಗಿ ಕೂತಿತ್ತು.

ಅಂಥದ್ದನ್ನು ಶುದ್ಧ ನೀರಿನಲ್ಲಿ ವಾರಗಟ್ಟಲೆ ನೆನೆಸಬೇಕು. ಹುಳಿ ಮುಟ್ಟಿಸಲೇಬಾರದು, ಅಕ್ಷರ ಉಳಿದಿರುವುದೇ ಆ ಹಸಿರು ಪದರಿನಲ್ಲಿ. ಬೀದರಿನಲ್ಲಿ ಕಾಲೇಜು ಹುಡುಗರ ಮುಂದೆ ಇದನ್ನೇ ಭಾಷಣ ಬಿಗಿದು ಬಂದವನು ನಾನು. ಆದರೆ ಆ ಹೆಣ್ಣುಮಗಳ ಬಸ್ಸಿಗೆ ಇನ್ನು ಅರ್ಧ ತಾಸು ಇತ್ತು, ಹೆಸರು ಹೇಳಿಯೇ ಕಳಿಸಬೇಕೆಂಬ ಹುಮ್ಮಸ್ಸು ನನಗೆ. ಅಮಾವಾಸ್ಯೆಗೊಮ್ಮೆ ದೇವರ ತಾಮ್ರದ ಸಾಮಾನು ಬೆಳಗಿ ಪಳಗಿದ ಕೈ ಹುಣಸೆಹಣ್ಣು-ಬೂದಿ ಹಚ್ಚಿ ತಿಕ್ಕಿಯೇಬಿಟ್ಟಿತು. ಆತುರಗಾರನಿಗೆ ಬುದ್ಧಿ ಮಟ್ಟ.

ನಾಣ್ಯ ಕೆಂಪಗೆ ಹೊಳೆಯಿತು. ಸೈನಿಕರಿಲ್ಲ, ಧ್ವಜವಿಲ್ಲ, ಒಂದಕ್ಷರವೂ ಇಲ್ಲ. ಆ ತಾಯಿ ಮಾತ್ರ ಹೊಸದರಂತಾಯಿತು ಎಂದು ಖುಷಿಪಟ್ಟು ಕೈಮುಗಿದರು. ಹಾಳು ಮಾಡಿದೆ ಎಂದು ಹೇಳಲು ಬಾಯಿ ತೆರೆದೆ. ಹೊರಬಿದ್ದದ್ದು ಒಬ್ಬ ಚಕ್ರವರ್ತಿಯ ಹೆಸರು, ಮೊದಲು ನೆನಪಾದದ್ದು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ, ಮರೆಯಬಾರದೆಂದು ಅವರು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಿದ್ದರು. ಇವತ್ತಿಗೂ ನೆನೆದರೆ ಕೈ ಕೈ ಹಿಸುಕಿಕೊಳ್ಳುತ್ತೇನೆ. ನಾಣ್ಯ ಕೆಡಿಸಿದ್ದಕ್ಕಿಂತ ಆ ಹೆಸರು ನನ್ನನ್ನು ಹೆಚ್ಚು ಸುಡುತ್ತದೆ.

ಹೋದ ತಿಂಗಳು ಮದುವೆಯೊಂದಕ್ಕೆ ಮೆಹಕರಕ್ಕೆ ಹೋದಾಗ ಅವರು ಮನೆಗೆ ಕರೆದು ಚಹಾ ಕೊಟ್ಟರು. ಗಂಡನ ಫೋಟೋದ ಕೆಳಗೆ ನಾಣ್ಯ ಅಂಟಿಸಿ, ನಾನು ಹೇಳಿದ ಹೆಸರನ್ನು ಪೇಂಟರ್ ಕೈಯಿಂದ ದೊಡ್ಡದಾಗಿ ಬರೆಸಿದ್ದರು.

“ಇದರ ಮ್ಯಾಲ ಏನೂ ಇಲ್ಲ ಅಂತಾನ್ರಿ ನಮ್ಮ ಮೈದುನ,” ಎಂದು ಅವರು ನಕ್ಕರು. “ನಿನಗ ಓದ್ಲಿಕ್ಕಿ ಬರಂಗಿಲ್ಲ, ಮಾಸ್ತರಿಗಿ ಬರ್ತದ ಅಂದೆ. ಖರೆ ಅಲ್ರಿ?”

“ಹೌದ್ರಿ, ಖರೆ,” ಎಂದೆ.